ಘಟ್ಟದ ಮೇಲಿನಿಂದ ಕಡಲಕಳೆಯನ್ನು ಆರಿಸುವಾಗ: ಕ್ಯಾನ್ಸರ್ ಔಷಧದ ಹಾದಿಯಲ್ಲಿರುವ ಸಂಯುಕ್ತಗಳ ಹೋಲಿಕೆ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕಾಫಿ ಬೆಳೆಗಾರರಿಗೆ ಕಡಲಕಳೆ ಅಪರಿಚಿತವಲ್ಲ. ಎಲೆಗೆ ಸಿಂಪಡಿಸುವ ‘ಸೀವೀಡ್’ ದ್ರಾವಣದ ಕ್ಯಾನುಗಳು ಇಲ್ಲಿನ ಗೊಬ್ಬರದಂಗಡಿಗಳಲ್ಲಿ ವರ್ಷಗಳಿಂದ ಮಾರಾಟವಾಗುತ್ತಿವೆ. ಅದೇ ಕಳೆಯ ಹೆಸರು ಈಗ ಇನ್ನೆರಡು ಕಡೆಗಳಲ್ಲಿಯೂ ಕೇಳಿಬರುತ್ತಿದೆ: ಫಾರ್ಮಸಿ, ಜೀವರಸಾಯನ ಮತ್ತು ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಶೀರ್ಷಿಕೆಗಳಲ್ಲಿ, ಮತ್ತು ಮನೆಯಲ್ಲಿ ಕ್ಯಾನ್ಸರ್ ರೋಗಿಯಿರುವವರ ಮೊಬೈಲಿಗೆ ಬರುವ ಕ್ಯಾಪ್ಸೂಲ್ ಜಾಹೀರಾತುಗಳಲ್ಲಿ. ಇಬ್ಬರ ಮುಂದೆಯೂ ಇರುವುದು ಆಯ್ಕೆಯ ಪ್ರಶ್ನೆಯೇ. ಈ ಬರಹ ಮುಖ್ಯವಾಗಿ ಮೊದಲನೆಯವರಿಗಾಗಿ. ಕೊನೆಯ ಭಾಗ ಎರಡನೆಯವರಿಗಾಗಿ.

ಆರಂಭದಲ್ಲಿಯೇ ಹೇಳಬೇಕಾದ ಮಾತೊಂದಿದೆ. ಕಡಲಕಳೆಯಿಂದ ನೇರವಾಗಿ ಪಡೆದ ಯಾವ ಸಂಯುಕ್ತವೂ ಇದುವರೆಗೆ ಕ್ಯಾನ್ಸರ್ ಔಷಧವೆಂದು ಅನುಮೋದನೆ ಪಡೆದು ಆಸ್ಪತ್ರೆಗಳ ಬಳಕೆಗೆ ಬಂದಿಲ್ಲ. ಕಡಲಿನಿಂದ ಕ್ಯಾನ್ಸರ್ ಔಷಧಗಳೇ ಬಂದಿಲ್ಲವೆಂದು ಇದರ ಅರ್ಥವಲ್ಲ. ರಕ್ತದ ಕ್ಯಾನ್ಸರಿಗೆ ಕೊಡುವ, 1969ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಸೈಟರಬಿನ್‌ಗೆ ಕೆರಿಬಿಯನ್ ಸಮುದ್ರದ ಸ್ಪಂಜಿನಲ್ಲಿ ಸಿಕ್ಕ ಅಣುಗಳು ಮಾದರಿಯಾದವು. 2010ರಲ್ಲಿ ಅಲ್ಲಿಯೇ ಒಪ್ಪಿಗೆ ಪಡೆದ ಎರಿಬುಲಿನ್‌ನ ಮೂಲ ಜಪಾನಿನ ಇನ್ನೊಂದು ಸ್ಪಂಜು. ಇವೆಲ್ಲ ಪ್ರಾಣಿಗಳಿಂದ ದೊರೆತವು. ಕಂದು, ಕೆಂಪು, ಹಸಿರು ಎಂದು ಮೂರು ಗುಂಪುಗಳಾಗಿ ವಿಂಗಡಿಸುವ ಕಡಲಕಳೆಗಳ ಪಾಲಿಗೆ ಬಂದಿರುವುದು ಸಾವಿರಾರು ಸಂಶೋಧನಾ ಲೇಖನಗಳು ಮತ್ತು ಅರ್ಧದಲ್ಲಿ ನಿಂತ ಕೆಲವು ಪ್ರಯತ್ನಗಳು ಮಾತ್ರ.

ಹಾಗಿದ್ದರೆ ಒಂದು ಸಂಯುಕ್ತ ಇನ್ನೊಂದಕ್ಕಿಂತ ಮೇಲು ಎಂದು ನಿರ್ಧರಿಸುವುದು ಹೇಗೆ? ಲೇಖನಗಳ ಸಾರಾಂಶ ಓದಿದರೆ ಎಲ್ಲವೂ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶವನ್ನು ಕೊಲ್ಲಲು ಸಾಕಷ್ಟು ಗಾಢವಾದ ಉಪ್ಪುನೀರೂ ಸಾಲುತ್ತದೆ. ಆದುದರಿಂದ ಆ ಒಂದು ಸಂಗತಿಯನ್ನು ಆಯ್ಕೆಯ ಅಳತೆಗೋಲಾಗಿ ಇಟ್ಟುಕೊಳ್ಳಲಾಗದು. ನಾನು ವಿದ್ಯಾರ್ಥಿಗಳಿಗೆ ಕೇಳಲು ಹೇಳುವ ಪ್ರಶ್ನೆಗಳು ಬೇರೆ. ಕೈಯಲ್ಲಿರುವುದು ಒಂದೇ ಅಣುವೋ, ಒಂದೇ ಹೆಸರಿನಡಿ ಬರುವ ಹಲವು ಪದಾರ್ಥಗಳ ಗುಂಪೋ? ಮುಂದಿನ ವರ್ಷ ಅದೇ ಪದಾರ್ಥ ಮತ್ತೆ ಸಿಗುವುದೋ? ತಟ್ಟೆಯಲ್ಲಿ ಹಾಕಿದ ಪ್ರಮಾಣ ಮನುಷ್ಯನ ರಕ್ತದಲ್ಲಿ ಎಂದಾದರೂ ಇರಲು ಸಾಧ್ಯವೋ? ಮೂರರಲ್ಲಿ ನಡುವಿನದೇ ಹೆಚ್ಚು ತೂಕದ್ದೆಂಬುದು ನನ್ನ ಅಭಿಪ್ರಾಯ, ಅದರಲ್ಲೂ ಕಡಲಿನಿಂದ ಒಂದು ಘಟ್ಟದಷ್ಟು ದೂರವಿರುವ ನಮಗೆ.

ಅಳತೆಗೋಲಾಗಿ ನಮ್ಮದೇ ಒಂದು ಮರ

ಯಶಸ್ವಿಯಾದ ಸಸ್ಯಮೂಲದ ಔಷಧವೆಂದರೆ ಏನೆಂದು ತಿಳಿಯಲು ಹೊರಗೆಲ್ಲೂ ಹೋಗಬೇಕಿಲ್ಲ. ಪಶ್ಚಿಮಘಟ್ಟದ ಕಾಡುಗಳಲ್ಲಿರುವ ದುರ್ವಾಸನೆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅಣುವಿದೆ. ಇದನ್ನು ಮೊದಲು ಪತ್ತೆಹಚ್ಚಿದ್ದು 1966ರಲ್ಲಿ, ಚೀನಾ ಮೂಲದ ಬೇರೊಂದು ಮರದಿಂದ, ಅಮೆರಿಕದ ಮನ್ರೋ ವಾಲ್ ಮತ್ತು ಭಾರತೀಯ ಮೂಲದ ಮನ್ಸುಖ್ ವಾನಿ. ನಮ್ಮ ಘಟ್ಟದ ಮರದಲ್ಲಿಯೂ ಅದೇ ಅಣು ಇದೆಯೆಂದು ಟಿ. ಆರ್. ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ವರದಿ ಮಾಡಿದರು. 1970ರ ದಶಕದ ಆರಂಭದಲ್ಲಿ ಅದನ್ನು ಸೋಡಿಯಂ ಲವಣದ ರೂಪದಲ್ಲಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೀವ್ರ ತೊಂದರೆಗಳು ಕಾಣಿಸಿಕೊಂಡು ಪ್ರಯೋಗ ನಿಂತಿತು. ಡಿಎನ್‌ಎಯ ಸುರುಳಿ ಬಿಡಿಸುವ ಟೊಪೊಐಸೊಮರೇಸ್–1 ಎಂಬ ಕಿಣ್ವವನ್ನು ಅದು ಹಿಡಿದು ನಿಲ್ಲಿಸುತ್ತದೆಂದು 1985ರಲ್ಲಿ ಗೊತ್ತಾಯಿತು. ಆ ಬಳಿಕ ಅಣುವನ್ನು ತಿದ್ದಿ ಮಾಡಿದ ಇರಿನೊಟೆಕಾನ್ ಮತ್ತು ಟೊಪೊಟೆಕಾನ್ 1990ರ ದಶಕದ ನಡುವಿನಲ್ಲಿ ಆಸ್ಪತ್ರೆ ತಲುಪಿದವು. ಇಂದು ದೊಡ್ಡ ಕರುಳಿನ, ಅಂಡಾಶಯದ ಮತ್ತು ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ ಅವು ನಿತ್ಯದ ಔಷಧಗಳು.

ಈ ಕಥೆಯಲ್ಲಿ ಗಮನಿಸಬೇಕಾದದ್ದು ಮೂವತ್ತು ವರ್ಷಗಳ ಅವಧಿಯೊಂದನ್ನೇ ಅಲ್ಲ. ಅಣು ಒಂದೇ, ಅದರ ರಚನೆ ಖಚಿತ, ಅದು ಹಿಡಿಯುವ ಗುರಿ ಖಚಿತ, ಮೂಲವಸ್ತು ಟನ್‌ಗಟ್ಟಲೆ ಲಭ್ಯ. ಹಾಗೆ ಲಭ್ಯವಾಗಿದ್ದರಿಂದಲೇ ನಮ್ಮ ಕಾಡುಗಳಲ್ಲಿ ಆ ಮರ ಅತಿಯಾಗಿ ಕಡಿಯಲ್ಪಟ್ಟು ವಿರಳವಾಯಿತೆಂಬುದು ಬೇರೆಯೇ ದುಃಖದ ವಿಷಯ. ಕಡಲಕಳೆಯ ಸಂಯುಕ್ತಗಳನ್ನು ಈ ಮರದ ಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಯಾವುದಕ್ಕೆ ಏನು ಕಡಿಮೆ ಎಂಬುದು ಬೇಗ ತಿಳಿಯುತ್ತದೆ.

ಫ್ಯುಕಾಯ್ಡನ್: ಎಲ್ಲಕ್ಕಿಂತ ಮುಂದೆ ಬಂದಿರುವುದು, ಎಲ್ಲಕ್ಕಿಂತ ಅಸ್ಪಷ್ಟವಾದದ್ದು

ಕಂದು ಕಳೆಗಳ ಕೋಶಭಿತ್ತಿಯಲ್ಲಿರುವ, ಫ್ಯುಕೋಸ್ ಎಂಬ ಸಕ್ಕರೆಯ ಉದ್ದ ಸರಪಳಿಗೆ ಸಲ್ಫೇಟ್ ಗುಂಪುಗಳು ಅಂಟಿಕೊಂಡಿರುವ ಪದಾರ್ಥವೇ ಫ್ಯುಕಾಯ್ಡನ್. 1913ರಲ್ಲಿ ಸ್ವೀಡನ್ನಿನ ಹೆರಾಲ್ಡ್ ಕೈಲಿನ್ ಇದನ್ನು ಮೊದಲು ಬೇರ್ಪಡಿಸಿದರು. ಜಪಾನಿನವರು ತಿನ್ನುವ ವಕಾಮೆ, ಮೊಜುಕು, ಕೊಂಬು ಇವುಗಳೆಲ್ಲದರಲ್ಲಿಯೂ ಇದು ಇದೆ. ನಮ್ಮ ಕರಾವಳಿಯ ಬಂಡೆಗಳ ಮೇಲೆ ಬೆಳೆಯುವ ಸಾರ್ಗಸಮ್, ಪಡೀನಾಗಳಲ್ಲಿಯೂ ಇದೆ. ಕೋಶಗಳ ಆತ್ಮಹತ್ಯೆಯನ್ನು ಪ್ರಚೋದಿಸುವುದು, ಗಡ್ಡೆಗೆ ಹೊಸ ರಕ್ತನಾಳಗಳು ಬೆಳೆಯದಂತೆ ತಡೆಯುವುದು, ರೋಗನಿರೋಧಕ ಕೋಶಗಳನ್ನು ಚುರುಕುಗೊಳಿಸುವುದು ಎಂಬ ಮೂರು ಬಗೆಯ ಪರಿಣಾಮಗಳು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ಇತರ ಸಂಯುಕ್ತಗಳಿಗೆ ಹೋಲಿಸಿದರೆ ಫ್ಯುಕಾಯ್ಡನ್‌ನ ದೊಡ್ಡ ಬಲವೆಂದರೆ ಅದು ನಿಜವಾದ ರೋಗಿಗಳವರೆಗೆ ಬಂದಿರುವುದು. 2011ರಲ್ಲಿ ಜಪಾನಿನಲ್ಲಿ ದೊಡ್ಡ ಕರುಳಿನ ಮುಂದುವರಿದ ಕ್ಯಾನ್ಸರಿನ 20 ರೋಗಿಗಳಲ್ಲಿ ನಡೆದ ಅಧ್ಯಯನದಲ್ಲಿ, ಕೀಮೊಥೆರಪಿಯೊಂದಿಗೆ ಫ್ಯುಕಾಯ್ಡನ್ ಪಡೆದವರಲ್ಲಿ ಆಯಾಸ ಕಡಿಮೆಯಾಗಿ ಕಂಡಿತು. 2017ರಲ್ಲಿ ತೈವಾನಿನಲ್ಲಿ 54 ರೋಗಿಗಳ ಮೇಲೆ, ಯಾರಿಗೆ ಏನು ಕೊಡಲಾಗಿದೆಯೆಂದು ರೋಗಿಗಾಗಲೀ ವೈದ್ಯರಿಗಾಗಲೀ ತಿಳಿಯದಂತೆ ನಡೆಸಿದ ಪ್ರಯೋಗದಲ್ಲಿ ರೋಗ ಹತೋಟಿಯಲ್ಲಿದ್ದವರ ಪ್ರಮಾಣ ಫ್ಯುಕಾಯ್ಡನ್ ಗುಂಪಿನಲ್ಲಿ ಹೆಚ್ಚಿತ್ತು. ಆದರೆ ಬದುಕಿದ ಅವಧಿಯಲ್ಲಿ ಖಚಿತವಾದ ವ್ಯತ್ಯಾಸ ಸಾಬೀತಾಗಲಿಲ್ಲ. ಎರಡೂ ಕಡೆ ಅದನ್ನು ಕೊಟ್ಟದ್ದು ಕೀಮೋದ ಜೊತೆಗೆ, ಕೀಮೋದ ಬದಲಿಗೆ ಅಲ್ಲ. ಇಷ್ಟು ಸಣ್ಣ ಸಂಖ್ಯೆಯಿಂದ ಔಷಧವೊಂದನ್ನು ತೀರ್ಮಾನಿಸಲಾಗದು, ಆದರೂ ಉಳಿದ ಬಹುತೇಕ ಕಡಲಕಳೆ ಸಂಯುಕ್ತಗಳಿಗೆ ಕ್ಯಾನ್ಸರಿನ ವಿಷಯದಲ್ಲಿ ಇಷ್ಟರಮಟ್ಟಿನ ಮಾನವ ಪುರಾವೆಯೂ ಇಲ್ಲ.

ದೌರ್ಬಲ್ಯ ಇರುವುದು ಮೊದಲ ಪ್ರಶ್ನೆಯಲ್ಲಿ. ಫ್ಯುಕಾಯ್ಡನ್ ಒಂದು ಅಣುವಲ್ಲ. ಒಂದು ಜಾತಿಯ ಕಳೆಯಲ್ಲಿ ಸಕ್ಕರೆಗಳ ಕೊಂಡಿ ಒಂದು ರೀತಿ, ಇನ್ನೊಂದರಲ್ಲಿ ಮತ್ತೊಂದು ರೀತಿ. ಸಲ್ಫೇಟಿನ ಪ್ರಮಾಣ ಬೇರೆ, ಸರಪಳಿಯ ಉದ್ದ ಬೇರೆ. ಒಂದೇ ತೋಟದ ಅರೇಬಿಕಾ ಬಟ್ಟಲಿನಲ್ಲಿ ವರ್ಷದಿಂದ ವರ್ಷಕ್ಕೆ ಬೇರೆ ರುಚಿ ಕೊಡುವುದನ್ನು ಬಲ್ಲ ನಮಗೆ, ಒಂದೇ ಬಂಡೆಯ ಸಾರ್ಗಸಮ್ ನವೆಂಬರಿನಲ್ಲಿ ಒಂದು ಬಗೆಯ, ಮಾರ್ಚಿನಲ್ಲಿ ಇನ್ನೊಂದು ಬಗೆಯ ಫ್ಯುಕಾಯ್ಡನ್ ಕೊಡಬಹುದೆಂದರೆ ಆಶ್ಚರ್ಯವಾಗಬಾರದು. ಇಬ್ಬರು ಸಂಶೋಧಕರು ‘ಫ್ಯುಕಾಯ್ಡನ್ ಕೆಲಸ ಮಾಡಿತು’, ‘ಮಾಡಲಿಲ್ಲ’ ಎಂದು ವಾದಿಸುವಾಗ ಅವರು ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿರುವ ಖಾತರಿಯಿಲ್ಲ.

ತೆಗೆಯುವ ವಿಧಾನ ಕಷ್ಟದ್ದಲ್ಲ, ಸಾಮಾನ್ಯ ಕಾಲೇಜು ಪ್ರಯೋಗಾಲಯದಲ್ಲಿಯೂ ಸಾಧ್ಯ. ಒಣಗಿಸಿ ಪುಡಿಮಾಡಿದ ಕಳೆಯನ್ನು ಮೊದಲು ಎಥನಾಲಿನಲ್ಲಿ ತೊಳೆದು ಬಣ್ಣ ಮತ್ತು ಕೊಬ್ಬನ್ನು ಕಳೆಯಬೇಕು. ಉಳಿದ ಗಸಿಯನ್ನು ಬಿಸಿನೀರಿನಲ್ಲೋ ತೆಳು ಆಮ್ಲದಲ್ಲೋ ಗಂಟೆಗಳ ಕಾಲ ಕಲಕಿ ಸೋಸಿದಾಗ ಲೋಳೆಯಾದ ಕಂದು ದ್ರಾವಣ ಸಿಗುತ್ತದೆ. ಅದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಬೇಡದ ಆಲ್ಜಿನೇಟ್ (ಕಂದು ಕಳೆಯ ಇನ್ನೊಂದು ಸಕ್ಕರೆ ಸರಪಳಿ) ಗರಣೆಗಟ್ಟಿ ತಳಕ್ಕಿಳಿಯುತ್ತದೆ. ತಿಳಿಯಾದುದಕ್ಕೆ ಮತ್ತೆ ಎಥನಾಲ್ ಸುರಿದಾಗ ಮಾಸಲು ಬಿಳಿಯ ಎಳೆಗಳು ಮೂಡುತ್ತವೆ. ಬಹಳಷ್ಟು ಪ್ರಾಜೆಕ್ಟುಗಳು ಇಲ್ಲಿಗೇ ನಿಂತು ಆ ಎಳೆಗಳನ್ನೇ ‘ಫ್ಯುಕಾಯ್ಡನ್’ ಎಂದು ಕರೆದು ನೇರವಾಗಿ ಕೋಶಗಳ ಮೇಲೆ ಹಾಕುತ್ತವೆ. ಅದರಲ್ಲಿ ಲ್ಯಾಮಿನರಿನ್ ಎಂಬ ಬೇರೊಂದು ಸಕ್ಕರೆ ಸರಪಳಿ, ಉಳಿದ ಆಲ್ಜಿನೇಟ್, ಪ್ರೋಟೀನು ಎಲ್ಲವೂ ಬೆರೆತಿರುತ್ತವೆ. ಫ್ಯುಕೋಸ್ ಮತ್ತು ಸಲ್ಫೇಟ್ ಪ್ರಮಾಣಗಳನ್ನು ಅಳೆಯಲು ಸ್ಪೆಕ್ಟ್ರೊಫೋಟೊಮೀಟರ್ ಒಂದಿದ್ದರೆ ಸಾಕು. ಆ ಎರಡು ಅಂಕಿಗಳಿಲ್ಲದ ಪ್ರಬಂಧವನ್ನು ನಾನಾದರೆ ಒಪ್ಪಿಕೊಳ್ಳುವುದಿಲ್ಲ. ರೋಗನಿರೋಧಕ ಕೋಶಗಳ ಮೇಲಿನ ಪರಿಣಾಮ ನೋಡುವವರು ಇನ್ನೊಂದು ಎಚ್ಚರ ವಹಿಸಬೇಕು: ಬ್ಯಾಕ್ಟೀರಿಯಾಗಳ ಎಂಡೊಟಾಕ್ಸಿನ್ ಇಂಥ ಸಾರಗಳಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ, ಮತ್ತು ಕೋಶಗಳನ್ನು ಕೆರಳಿಸಿದ್ದು ಕಳೆಯಲ್ಲ, ಆ ಕಲ್ಮಶ ಎಂದಾಗುವ ಸಂದರ್ಭಗಳಿವೆ.

ಫ್ಯುಕೊಕ್ಸಾಂಥಿನ್: ಒಂದೇ ಅಣುವಿನ ನೆಮ್ಮದಿ

ಕಂದು ಕಳೆಗೆ ಕಂದು ಬಣ್ಣ ಕೊಡುವುದು ಈ ಕಿತ್ತಳೆ ವರ್ಣದ್ರವ್ಯ. ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನಿನ ಬಂಧು. ಹೆಸರಿನ ಮೊದಲರ್ಧ ಒಂದೇ ಆದರೂ ಫ್ಯುಕಾಯ್ಡನ್‌ಗೂ ಇದಕ್ಕೂ ರಸಾಯನಶಾಸ್ತ್ರದಲ್ಲಿ ಯಾವ ಸಂಬಂಧವೂ ಇಲ್ಲ: ಅದು ನೀರಿನಲ್ಲಿ ಕರಗುವ ದೈತ್ಯ ಸರಪಳಿ, ಇದು ಕೊಬ್ಬಿನಲ್ಲಿ ಕರಗುವ, 659ರಷ್ಟು ಅಣುತೂಕದ ನಿರ್ದಿಷ್ಟ ಅಣು. ಆದುದರಿಂದ ಶುದ್ಧತೆಯನ್ನು, ಮಿಶ್ರಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದು ಶಿಖರವಾಗಿ ತೋರಿಸಬಹುದು, ಬೇರೆಯವರ ಫಲಿತಾಂಶದೊಡನೆ ಹೋಲಿಸಬಹುದು. ಕರುಳಿನ, ಯಕೃತ್ತಿನ, ಪ್ರಾಸ್ಟೇಟಿನ ಕ್ಯಾನ್ಸರ್ ಕೋಶಗಳ ವಿಭಜನೆಯನ್ನು ಇದು ನಿಲ್ಲಿಸುತ್ತದೆಂಬ ವರದಿಗಳು ಜಪಾನಿನಿಂದ ಮೊದಲ್ಗೊಂಡು ಹಲವೆಡೆಗಳಿಂದ ಬಂದಿವೆ.

ಆದರೆ ಮೂರನೆಯ ಪ್ರಶ್ನೆಯಲ್ಲಿ ಇದು ಎಡವುತ್ತದೆ. ನಾವು ತಿಂದ ಫ್ಯುಕೊಕ್ಸಾಂಥಿನ್ ಕರುಳಿನಲ್ಲಿಯೇ ಒಡೆದು ಫ್ಯುಕೊಕ್ಸಾಂಥಿನಾಲ್ ಆಗುತ್ತದೆ. ರಕ್ತಕ್ಕೆ ಸೇರುವುದು ಮುಖ್ಯವಾಗಿ ಈ ಎರಡನೆಯದು. 2012ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ 31 ಮಿಲಿಗ್ರಾಂ ಫ್ಯುಕೊಕ್ಸಾಂಥಿನ್ ಸೇವಿಸಿದವರ ರಕ್ತದಲ್ಲಿ ಕಂಡ ಫ್ಯುಕೊಕ್ಸಾಂಥಿನಾಲಿನ ಗರಿಷ್ಠ ಮಟ್ಟ ಸುಮಾರು 44 ನ್ಯಾನೊಮೋಲಾರ್. ತಟ್ಟೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು 10ರಿಂದ 50 ಮೈಕ್ರೊಮೋಲಾರ್ (ಒಂದು ಮೈಕ್ರೊ ಎಂದರೆ ಸಾವಿರ ನ್ಯಾನೊ), ಅಂದರೆ ಅದಕ್ಕಿಂತ ಇನ್ನೂರರಿಂದ ಸಾವಿರ ಪಟ್ಟು ಹೆಚ್ಚು. ಮೌಲ್ಯಮಾಪನಕ್ಕೆ ಬರುವ ಪರೀಕ್ಷಕರು ಈ ಅಂತರದ ಬಗ್ಗೆ ಕೇಳಲಿ ಕೇಳದಿರಲಿ, ವಿದ್ಯಾರ್ಥಿ ಅದನ್ನು ಬರೆಯಬೇಕು. ಹಾಗೆಂದು ಇದನ್ನು ಕೈಬಿಡಬೇಕಿಲ್ಲ. ಬಾಯಿಯ ಮೂಲಕ ಕೊಡುವ ಔಷಧಕ್ಕಿಂತ ಎಣ್ಣೆಹನಿ, ನ್ಯಾನೊಕಣಗಳಲ್ಲಿ ಸೇರಿಸಿ ಕರುಳಿಗೇ ತಲುಪಿಸುವ ವಿಧಾನಗಳತ್ತ ಪ್ರಶ್ನೆಯನ್ನು ತಿರುಗಿಸಿದರೆ ಕೆಲಸಕ್ಕೆ ಅರ್ಥವಿರುತ್ತದೆ.

ಕೈಯಲ್ಲಿ ಹಿಡಿದು ಕೆಲಸ ಮಾಡುವವರಿಗೆ ಇದರ ಇನ್ನೊಂದು ತಕರಾರು ಗೊತ್ತು. ಬೆಳಕು, ಬಿಸಿ, ಗಾಳಿ ಮೂರೂ ಇದಕ್ಕಾಗದು. ಸಿಲಿಕಾ ಕಾಲಮ್ಮಿನಿಂದ ಇಳಿದ ಹೊಳೆಯುವ ಕಿತ್ತಳೆ ದ್ರಾವಣವನ್ನು ಬಿಳಿ ಗಾಜಿನ ಸೀಸೆಯಲ್ಲಿ ಕಿಟಕಿಯ ಪಕ್ಕ ಬಿಟ್ಟರೆ ಅದು ಪೇಲವ ಹಳದಿಗೆ ತಿರುಗುತ್ತದೆ, ಮತ್ತು ಆಮೇಲೆ ಕೋಶಗಳಿಗೆ ಹಾಕಿದ್ದು ಏನೆಂದು ಹೇಳಲು ಬರುವುದಿಲ್ಲ. ಕಂದು ಸೀಸೆ, ಸಾರಜನಕದ ಹೊದಿಕೆ, ಮೈನಸ್ 20 ಡಿಗ್ರಿಯ ಫ್ರೀಜರ್ ಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಮಲೆನಾಡಿನ ಊರುಗಳಲ್ಲಿ ಆ ಫ್ರೀಜರಿಗೆ ಯುಪಿಎಸ್ ಅಥವಾ ಜನರೇಟರ್ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನಮಗೆ ಅನುಕೂಲವಾದ ಒಂದು ಅಂಶವೂ ಇದೆ. ಈ ಅಣುವಿಗಾಗಿ ಕಡಲಿಗೇ ಹೋಗಬೇಕಿಲ್ಲ. ಫಿಯೊಡ್ಯಾಕ್ಟೈಲಮ್ ಎಂಬ ಸೂಕ್ಷ್ಮ ಡಯಾಟಮ್ ಪಾಚಿಯಲ್ಲಿ ಇದು ದೊಡ್ಡ ಕಳೆಗಳಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಮತ್ತು ಉಪ್ಪುನೀರಿನ ಮಾಧ್ಯಮ ತುಂಬಿದ ಫ್ಲಾಸ್ಕಿನಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ. ಚೆನ್ನೈ, ಮಂಗಳೂರಿನವರು ಎ.ಸಿ. ಹಾಕಿ ಪಡೆಯುವ ಆ ಉಷ್ಣತೆ ಚಿಕ್ಕಮಗಳೂರಿನಲ್ಲಿ ವರ್ಷದ ಹಲವು ತಿಂಗಳು ಹೆಚ್ಚು ಖರ್ಚಿಲ್ಲದೆ ಸಿಗುತ್ತದೆ. ಒಂದೇ ತಳಿ, ಒಂದೇ ಮಾಧ್ಯಮ, ಒಂದೇ ಬೆಳಕು: ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಕಡಲಕಳೆಯ ಲೋಕದಲ್ಲಿ ಇಲ್ಲ.

ಫ್ಲೋರೊಟ್ಯಾನಿನ್: ಪರೀಕ್ಷೆಯನ್ನೇ ದಾರಿ ತಪ್ಪಿಸುವ ಗುಂಪು

ಇವೂ ಕಂದು ಕಳೆಗಳವೇ. ಫ್ಲೋರೊಗ್ಲೂಸಿನಾಲ್ ಎಂಬ ಸಣ್ಣ ಘಟಕ ಹಲವು ಬಾರಿ ಜೋಡಿಯಾಗಿ ಆಗುವ ಒಗರು ಪದಾರ್ಥಗಳು. ಕೊರಿಯಾದ ಎಕ್ಲೋನಿಯಾ ಕಳೆಯಲ್ಲಿರುವ ಡೈಯೆಕಾಲ್ ಇವುಗಳಲ್ಲಿ ಹೆಚ್ಚು ಅಧ್ಯಯನಗೊಂಡದ್ದು. ಎಕ್ಲೋನಿಯಾ ನಮ್ಮ ಕರಾವಳಿಯದಲ್ಲ, ಇಲ್ಲಿಯವರು ಸಾರ್ಗಸಮ್ ಅಥವಾ ಟರ್ಬಿನೇರಿಯಾದ ಮಿಶ್ರಣದಿಂದ ತೃಪ್ತರಾಗಬೇಕು.

ಇವನ್ನು ಆರಿಸಿಕೊಳ್ಳುವವರಿಗೆ ನನ್ನ ಎಚ್ಚರಿಕೆ ಎಂಟಿಟಿ ಪರೀಕ್ಷೆಯ ಬಗ್ಗೆ. ನಮ್ಮ ಎಲ್ಲ ಪ್ರಯೋಗಾಲಯಗಳ ದಿನನಿತ್ಯದ ಪರೀಕ್ಷೆ ಅದು: ಹಳದಿ ಲವಣವನ್ನು ಹಾಕಿದರೆ ಬದುಕಿರುವ ಕೋಶಗಳು ಅದನ್ನು ನೇರಳೆ ಹರಳುಗಳನ್ನಾಗಿ ಮಾಡುತ್ತವೆ, ಬಣ್ಣ ಗಾಢವಾದಷ್ಟೂ ಬದುಕಿದ ಕೋಶಗಳು ಹೆಚ್ಚೆಂದು ಲೆಕ್ಕ. ಫ್ಲೋರೊಟ್ಯಾನಿನ್‌ಗಳಂಥ ಪಾಲಿಫಿನಾಲುಗಳು ಕೋಶಗಳ ನೆರವೇ ಇಲ್ಲದೆ ಆ ಲವಣವನ್ನು ನೇರಳೆಯಾಗಿಸಬಲ್ಲವು. ಜೊತೆಗೆ, ಕೋಶಗಳನ್ನು ಬೆಳೆಸುವ ಮಾಧ್ಯಮದಲ್ಲಿಯೇ ಇಂಥ ಪದಾರ್ಥಗಳು ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡಬಹುದು. ಆಗ ಕೋಶ ಸಾಯುವುದು ಪೆರಾಕ್ಸೈಡಿನಿಂದ, ಕೀರ್ತಿ ಮಾತ್ರ ಕಳೆಗೆ. ಒಂದು ದೋಷ ಕೋಶ ಬದುಕಿದೆಯೆಂದು ಸುಳ್ಳು ಹೇಳುತ್ತದೆ, ಇನ್ನೊಂದು ಔಷಧ ಕೊಂದಿತೆಂದು ಸುಳ್ಳು ಹೇಳುತ್ತದೆ. ತಟ್ಟೆಯ ಕೋಶಗಳೇ ಇಲ್ಲದ ಗುಂಡಿಗಳಲ್ಲಿಯೂ ಸಾರವನ್ನು ಹಾಕಿ ನೋಡುವುದು, ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಸೇರಿಸಿ ಮರುಪರೀಕ್ಷಿಸುವುದು, ಲವಣ ಹಾಕುವ ಮುನ್ನ ಸಾರವನ್ನು ತೊಳೆದು ತೆಗೆಯುವುದು ಇವಕ್ಕೆ ಪರಿಹಾರ. ಇಷ್ಟನ್ನು ಮಾಡುವ ಸಮಯವೂ ಸಾಮಗ್ರಿಯೂ ಇಲ್ಲದವರು ಈ ಗುಂಪಿನ ತಂಟೆಗೆ ಹೋಗದಿರುವುದು ವಾಸಿ.

ಕ್ಯಾರಜೀನನ್

ಸಿಗುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ತಮಿಳುನಾಡಿನ ರಾಮನಾಥಪುರದ ಕಡಲಿನಲ್ಲಿ ಕಪ್ಪಾಫೈಕಸ್ ಎಂಬ ಕೆಂಪು ಕಳೆಯನ್ನು ತೆಪ್ಪಗಳಲ್ಲಿ ಕೃಷಿ ಮಾಡುತ್ತಾರೆ. ಐಸ್‌ಕ್ರೀಮಿನಿಂದ ಟೂತ್‌ಪೇಸ್ಟಿನವರೆಗೆ ಬಳಸುವ ಕ್ಯಾರಜೀನನ್ ಇಂಥ ಕಳೆಗಳಿಂದಲೇ ಬರುತ್ತದೆ. ಆದರೆ ಫಾರ್ಮಸಿ ಓದಿದವರಿಗೆ ಇದರ ಇನ್ನೊಂದು ಮುಖ ಪರಿಚಿತ: ಇಲಿಯ ಪಂಜದಲ್ಲಿ ಊತ ತರಿಸಲು ಚುಚ್ಚುವುದು ಇದನ್ನೇ. ಇದನ್ನು ಸಣ್ಣ ತುಣುಕುಗಳಾಗಿ ಒಡೆದ ರೂಪವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ‘ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ’ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಒಡೆಯದ ರೂಪ ಆ ಪಟ್ಟಿಯಲ್ಲಿಲ್ಲ. ವಿಚಿತ್ರವೆಂದರೆ, ಒಡೆದ ಸಣ್ಣ ತುಣುಕುಗಳಿಗೇ ಗಡ್ಡೆ ತಡೆಯುವ ಗುಣ ಹೆಚ್ಚೆಂದು ಕೆಲವು ಪ್ರಯೋಗಾಲಯದ ವರದಿಗಳು ಹೇಳುತ್ತವೆ. ಈ ತೊಡಕಿನಲ್ಲಿ ಸಿಲುಕುವುದಕ್ಕಿಂತ ಇದನ್ನು ಔಷಧ ಹೊರುವ ಜೆಲ್ ಆಗಿ ನೋಡುವುದು, ಅಥವಾ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ವೈರಸ್ ಕೋಶಕ್ಕೆ ಅಂಟದಂತೆ ತಡೆಯುವ ಅದರ ಗುಣವನ್ನು (2006ರಿಂದ ಇದು ತಿಳಿದಿದೆ) ಅಭ್ಯಸಿಸುವುದು ಹೆಚ್ಚು ಫಲಕಾರಿ. ಅದು ಚಿಕಿತ್ಸೆಯಲ್ಲ, ತಡೆಗಟ್ಟುವಿಕೆ.

ಹ್ಯಾಲೊಮಾನ್ ಮತ್ತು ಕಹಲಾಲೈಡ್: ಕೈಗೆ ಬಂದು ಜಾರಿದವು

ರಸಾಯನಶಾಸ್ತ್ರವನ್ನು ಪ್ರೀತಿಸುವವರು ಮನಸೋಲುವುದು ಈ ಎರಡಕ್ಕೆ. ಫಿಲಿಪೈನ್ಸಿನಲ್ಲಿ ಸಂಗ್ರಹಿಸಿದ ಪೋರ್ಟಿಯೇರಿಯಾ ಎಂಬ ಕೆಂಪು ಕಳೆಯಲ್ಲಿ ಸಿಕ್ಕ ಹ್ಯಾಲೊಮಾನ್, ಹತ್ತು ಇಂಗಾಲದ ಪುಟ್ಟ ಸರಪಳಿಗೆ ಎರಡು ಬ್ರೋಮಿನ್ ಮತ್ತು ಮೂರು ಕ್ಲೋರಿನ್ ಪರಮಾಣುಗಳನ್ನು ಹೊತ್ತ ಅಣು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ತಂಡ ಇದನ್ನು ವರದಿ ಮಾಡಿದಾಗ, ಅರವತ್ತು ಬಗೆಯ ಮಾನವ ಕ್ಯಾನ್ಸರ್ ಕೋಶಗಳ ಪೈಕಿ ಮಿದುಳು, ಮೂತ್ರಪಿಂಡ ಮತ್ತು ದೊಡ್ಡ ಕರುಳಿನ ಗಡ್ಡೆಗಳ ಕೋಶಗಳನ್ನೇ ಅದು ಹೆಚ್ಚಾಗಿ ಕೊಂದದ್ದು ದೊಡ್ಡ ನಿರೀಕ್ಷೆ ಹುಟ್ಟಿಸಿತು. ಎಲ್ಲವನ್ನೂ ಕೊಲ್ಲುವ ವಿಷಕ್ಕಿಂತ ಹೀಗೆ ಆರಿಸಿ ಕೊಲ್ಲುವುದಕ್ಕೆ ಬೆಲೆ ಹೆಚ್ಚು. ಆದರೆ ಮರಳಿ ಹೋಗಿ ಅದೇ ಜಾತಿಯ ಕಳೆಯನ್ನು ಕಿತ್ತು ತಂದಾಗ ಅದರಲ್ಲಿ ಹ್ಯಾಲೊಮಾನ್ ಸಾಕಷ್ಟು ಇರಲಿಲ್ಲ; ಸ್ಥಳ, ಕಾಲಗಳಿಗೆ ತಕ್ಕಂತೆ ಕಳೆ ತನ್ನ ರಸಾಯನವನ್ನೇ ಬದಲಾಯಿಸುತ್ತಿತ್ತು. ಪ್ರಾಣಿಗಳ ಮೇಲಿನ ಫಲಿತಾಂಶವೂ ನಿರೀಕ್ಷೆಯ ಮಟ್ಟಕ್ಕೆ ಬರಲಿಲ್ಲ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಮೊದಲೇ ಕೆಲಸ ನಿಂತಿತು.

ಕಹಲಾಲೈಡ್ ಎಫ್ ಇನ್ನೂ ಮುಂದೆ ಹೋಯಿತು. ಹವಾಯಿಯಲ್ಲಿ ಬ್ರಯಾಪ್ಸಿಸ್ ಎಂಬ ಹಸಿರು ಕಳೆಯನ್ನು ತಿಂದು ಬದುಕುವ ಕಡಲ ಗೊಂಡೆಹುಳುವಿನಲ್ಲಿ ಇದು ಸಿಕ್ಕಿತು. 1993ರಲ್ಲಿ ಮಾರ್ಕ್ ಹ್ಯಾಮನ್ ಮತ್ತು ಪಾಲ್ ಶೂಯರ್ ವರದಿ ಮಾಡಿದರು. ಹುಳು ತಾನು ಮಾಡಿದ್ದಲ್ಲ, ಕಳೆಯಿಂದ ಪಡೆದದ್ದು ಎಂದು ಮೊದಲು ತಿಳಿಯಿತು. ಸ್ಪೇನಿನ ಫಾರ್ಮಾಮಾರ್ ಕಂಪನಿ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿ ಎರಡನೆಯ ಹಂತದ ಮಾನವ ಪ್ರಯೋಗದವರೆಗೆ ಒಯ್ದಿತು, ಸಾಕಷ್ಟು ಪರಿಣಾಮ ಕಾಣದೆ ಕೈಬಿಟ್ಟಿತು. 2019ರಲ್ಲಿ ಕಥೆ ಮತ್ತೊಮ್ಮೆ ತಿರುಗಿತು: ಅಣುವನ್ನು ತಯಾರಿಸುವುದು ಕಳೆಯೂ ಅಲ್ಲ, ಅದರೊಳಗೆ ವಾಸಿಸುವ ಬ್ಯಾಕ್ಟೀರಿಯಾ ಎಂದು ಸಾಬೀತಾಯಿತು.

ಇಂಥದೇ ಜಾಡು ಹಿಡಿದು ಯಶಸ್ಸು ಪಡೆದ ಉದಾಹರಣೆಯೂ ಇದೆ. ಡೊಲಾಸ್ಟಾಟಿನ್–10 ಎಂಬ ಅಣುವನ್ನು ಜಾರ್ಜ್ ಪೆಟಿಟ್ 1987ರಲ್ಲಿ ಹಿಂದೂ ಮಹಾಸಾಗರದ ಕಡಲಮೊಲದಿಂದ (ಇದೂ ಒಂದು ಬಗೆಯ ಕಡಲ ಗೊಂಡೆಹುಳು) ವರದಿ ಮಾಡಿದರು. ಟನ್ನಿನ ಲೆಕ್ಕದ ಪ್ರಾಣಿಯಿಂದ ಸಿಕ್ಕದ್ದು ಮಿಲಿಗ್ರಾಂ ಲೆಕ್ಕದ ಅಣು. ನಿಜವಾದ ತಯಾರಕ, ಆ ಪ್ರಾಣಿ ತಿನ್ನುವ ನೀಲಿಹಸಿರು ಸೂಕ್ಷ್ಮಜೀವಿ. ಮೂಲ ಅಣು ರೋಗಿಗಳಲ್ಲಿ ಸೋತಿತು. ಅದನ್ನು ತಿದ್ದಿ, ಕ್ಯಾನ್ಸರ್ ಕೋಶವನ್ನು ಗುರುತಿಸುವ ಪ್ರತಿಕಾಯಕ್ಕೆ ಕಟ್ಟಿದ ಬ್ರೆಂಟುಕ್ಸಿಮ್ಯಾಬ್ ವೆಡೊಟಿನ್ 2011ರಲ್ಲಿ ಹಾಜ್‌ಕಿನ್ ಲಿಂಫೋಮಾಕ್ಕೆ ಅನುಮೋದನೆ ಪಡೆಯಿತು. ಕೆಲವು ಜಾಹೀರಾತುಗಳು ಇದನ್ನೇ ‘ಪಾಚಿಯಿಂದ ಬಂದ ಕ್ಯಾನ್ಸರ್ ಔಷಧ’ ಎಂದು ಹೇಳಿ ಕಡಲಕಳೆಯ ಪುಡಿ ಮಾರುತ್ತವೆ. ನೀಲಿಹಸಿರು ಸೂಕ್ಷ್ಮಜೀವಿ ಕಡಲಕಳೆಯಲ್ಲ. ಆ ಪುಡಿಗೂ ಈ ಔಷಧಕ್ಕೂ ಏನೇನೂ ಸಂಬಂಧವಿಲ್ಲ.

ಇಲ್ಲಿ ಕುಳಿತು ಯಾವುದನ್ನು ಆರಿಸಬೇಕು

ಒಂದೇ ವರ್ಷದ ಸ್ನಾತಕೋತ್ತರ ಪ್ರಾಜೆಕ್ಟಿಗೆ ಫ್ಯುಕೊಕ್ಸಾಂಥಿನ್ ನನ್ನ ಮೊದಲ ಆಯ್ಕೆ, ಅದೂ ಡಯಾಟಮ್ ಬೆಳೆಸಿ ಪಡೆದದ್ದು. ಎಚ್‌ಪಿಎಲ್‌ಸಿ ಇಲ್ಲದ ಕಾಲೇಜಿನವರು ಫ್ಯುಕಾಯ್ಡನ್ ಆರಿಸಿಕೊಳ್ಳಬಹುದು, ಆದರೆ ಪ್ರಶ್ನೆಯನ್ನು ‘ಕ್ಯಾನ್ಸರ್ ಕೋಶ ಸಾಯುವುದೇ’ ಎಂದಲ್ಲ, ‘ಬೇರೆ ಬೇರೆ ತಿಂಗಳ ಕಳೆಯ ಫ್ಯುಕಾಯ್ಡನ್ ಎಷ್ಟು ಬೇರೆ’ ಎಂದು ಇಟ್ಟುಕೊಳ್ಳಬೇಕು. ಆ ಕೆಲಸ ಯಾರಾದರೂ ಮಾಡಲೇಬೇಕಾದದ್ದು. ಪಿಎಚ್.ಡಿ.ಗೆ ಐದು ವರ್ಷವಿದ್ದು, ಅಣುಜೀವಶಾಸ್ತ್ರ ಬಲ್ಲ ಗೈಡ್ ಇದ್ದರೆ, ಕಳೆಯ ಒಳಗಿನ ಬ್ಯಾಕ್ಟೀರಿಯಾಗಳನ್ನು ಹುಡುಕುವ ಕಹಲಾಲೈಡಿನ ದಾರಿ ಎಲ್ಲಕ್ಕಿಂತ ಆಸಕ್ತಿಕರವಾದುದು.

ಕಳೆಯನ್ನು ತಾವೇ ಸಂಗ್ರಹಿಸುವವರು ಶಿರಾಡಿ ಅಥವಾ ಚಾರ್ಮಾಡಿ ಇಳಿದು ಮಂಗಳೂರಿನ ಮರಳು ತೀರದಲ್ಲಿ ಹುಡುಕಿದರೆ ಹೆಚ್ಚು ಸಿಗದು; ಬಂಡೆಗಳಿರುವ ಉತ್ತರ ಕನ್ನಡದ ಕಡೆ ಹೋಗಬೇಕು. ಮಳೆಗಾಲ ಮುಗಿದು ನವೆಂಬರಿನಿಂದ ಮಾರ್ಚಿನವರೆಗೆ, ಇಳಿತದ ಹೊತ್ತಿನಲ್ಲಿ. ತಂದ ಕಳೆಯನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸುವುದು ಪಾಠದಲ್ಲಿರುವ ಕ್ರಮ, ಆದರೆ ಮಲೆನಾಡಿನ ತೇವದ ಗಾಳಿಯಲ್ಲಿ ಉಪ್ಪು ಉಳಿದ ಕಳೆ ಒಣಗಿದ ಮೇಲೂ ನೀರೆಳೆದುಕೊಂಡು ಬೂಷ್ಟು ಹಿಡಿಯುತ್ತದೆ. ಬೂಷ್ಟಿಗೆ ತನ್ನದೇ ವಿಷಗಳಿವೆ, ಅವೂ ಕೋಶಗಳನ್ನು ಕೊಲ್ಲುತ್ತವೆ. 40 ಡಿಗ್ರಿಯ ಒಲೆಯಲ್ಲಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಕ್ಷೇಮ. ಕೋಶಗಳನ್ನು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಿಂದಲೇ ತರಿಸಬೇಕು, ಪಕ್ಕದ ಕಾಲೇಜಿನಿಂದ ಕೈಸಾಲವಾಗಿ ಪಡೆದ ಕೋಶಗಳ ಗುರುತಿಗೆ ಯಾರೂ ಜವಾಬ್ದಾರರಲ್ಲ. ಕ್ಯಾನ್ಸರ್ ಕೋಶದ ಜೊತೆ ಆರೋಗ್ಯವಂತ ಕೋಶದ ಮೇಲೆಯೂ ಅದೇ ಸಾರವನ್ನು ಪರೀಕ್ಷಿಸಬೇಕು. ಕಚ್ಚಾ ಸಾರವು ಮಿಲಿಲೀಟರಿಗೆ 20 ಮೈಕ್ರೊಗ್ರಾಮಿನೊಳಗೆ ಅರ್ಧದಷ್ಟು ಕೋಶಗಳ ಬೆಳವಣಿಗೆ ನಿಲ್ಲಿಸಿದರೆ ಮಾತ್ರ ಗಮನಾರ್ಹವೆಂಬುದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ ಬಂದ, ಎಲ್ಲೆಡೆ ಬಳಕೆಯಲ್ಲಿರುವ ಮಿತಿ; 500 ಮೈಕ್ರೊಗ್ರಾಮಿನಲ್ಲಿ ಸಿಕ್ಕ ಫಲಿತಾಂಶವನ್ನು ‘ಪ್ರಬಲ’ ಎಂದು ಬರೆಯುವಂತಿಲ್ಲ. ಗೊಬ್ಬರದಂಗಡಿಯ ದ್ರಾವಣದಿಂದ ಆರಂಭಿಸಬಹುದೇ ಎಂದು ಕೇಳುವವರೂ ಇದ್ದಾರೆ. ಅದರಲ್ಲಿ ಕ್ಷಾರ, ಸಂರಕ್ಷಕ, ಸೇರಿಸಿದ ಪೋಷಕಾಂಶಗಳಿರಬಹುದು. ಎಲೆಗೆ ಸರಿ, ಕೋಶಕ್ಕೂ ಹೊಟ್ಟೆಗೂ ಅಲ್ಲ.

ಮನೆಯಲ್ಲಿ ರೋಗಿಯಿರುವವರಿಗೆ

ಇಲ್ಲಿ ಹೋಲಿಕೆ ಚಿಕ್ಕದು, ಏಕೆಂದರೆ ಮಾರುಕಟ್ಟೆಯಲ್ಲಿ ಕ್ಯಾನ್ಸರಿನ ಹೆಸರು ಹೇಳಿ ಮಾರುವುದು ಬಹುಮಟ್ಟಿಗೆ ಫ್ಯುಕಾಯ್ಡನ್ ಕ್ಯಾಪ್ಸೂಲುಗಳನ್ನೇ. ಅವು ಪೂರಕ ಆಹಾರಗಳು, ಔಷಧಗಳಲ್ಲ. ಕ್ಯಾನ್ಸರ್ ಗುಣಪಡಿಸುತ್ತದೆಂದು ಜಾಹೀರಾತು ನೀಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಡಿ ನಮ್ಮ ದೇಶದಲ್ಲಿ ಅಪರಾಧ. ಹಾಗೆ ಬರೆದಿರುವ ಸೀಸೆಯನ್ನು ನಂಬದಿರಲು ಅದೊಂದೇ ಕಾರಣ ಸಾಕು. ಬೆಂಗಳೂರಿನ ಕಿದ್ವಾಯಿಗೋ ಮಂಗಳೂರಿಗೋ ಚಿಕಿತ್ಸೆಗೆ ಓಡಾಡುವ ಖರ್ಚೇ ಹೊರೆಯಾಗಿರುವ ಕುಟುಂಬವು ಕ್ಯಾಪ್ಸೂಲಿಗೆ ಹಣ ಸುರಿದು ಕೀಮೋದ ಒಂದು ಸರದಿಯನ್ನೂ ತಪ್ಪಿಸಬಾರದು. ಈ ಪುರಾವೆಗಳನ್ನೆಲ್ಲ ಓದಿದ ಮೇಲೆ ನನ್ನ ಸ್ವಂತ ಅಭಿಪ್ರಾಯ, ಕೊಳ್ಳದಿರುವುದೇ ಮೇಲು.

ಆದರೂ ಕೊಡಬೇಕೆಂದು ಮನೆಯವರು ನಿಶ್ಚಯಿಸಿದ್ದರೆ, ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ಕೊಡಬೇಡಿ. ಫ್ಯುಕಾಯ್ಡನ್‌ಗೆ ಹೆಪಾರಿನ್‌ನಂತೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಗುಣವಿರುವುದರಿಂದ ವಾರ್ಫರಿನ್‌ನಂಥ ಔಷಧ ತೆಗೆದುಕೊಳ್ಳುವವರು, ಕೀಮೋದಿಂದ ಪ್ಲೇಟ್‌ಲೆಟ್ ಇಳಿದವರು, ಶಸ್ತ್ರಚಿಕಿತ್ಸೆ ಹತ್ತಿರವಿರುವವರು ವಿಶೇಷವಾಗಿ ಎಚ್ಚರದಿಂದಿರಬೇಕು. ಕಂದು ಕಳೆಯ ಪುಡಿಯಲ್ಲಿ ಅಯೋಡಿನ್ ವಿಪರೀತವಿರುತ್ತದೆ. ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ ಸಾಕು, ಒಂದು ಗ್ರಾಂ ಒಣ ಕೊಂಬುವಿನಲ್ಲಿಯೇ ಸಾವಿರ ಮೈಕ್ರೊಗ್ರಾಂ ಮೀರಿರಬಹುದು. ಥೈರಾಯ್ಡ್ ಕ್ಯಾನ್ಸರಿಗೆ ರೇಡಿಯೊ ಅಯೋಡಿನ್ ಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಇದನ್ನು ಮುಟ್ಟಲೇಬಾರದು, ಏಕೆಂದರೆ ದೇಹದಲ್ಲಿ ಆಗಲೇ ತುಂಬಿಕೊಂಡ ಅಯೋಡಿನ್ ಚಿಕಿತ್ಸೆಯ ಅಯೋಡಿನ್ನಿಗೆ ಜಾಗ ಬಿಡುವುದಿಲ್ಲ. ಸಾರ್ಗಸಮ್ ಜಾತಿಯದೇ ಆದ ಹಿಜಿಕಿ ಕಳೆಯಲ್ಲಿ ಅಜೈವಿಕ ಆರ್ಸೆನಿಕ್ ಹೆಚ್ಚೆಂದು 2004ರಲ್ಲಿಯೇ ಬ್ರಿಟನ್ನಿನ ಆಹಾರ ಸಂಸ್ಥೆ ಅದನ್ನು ತಿನ್ನದಂತೆ ಜನರಿಗೆ ಸೂಚಿಸಿದೆ. ವೈದ್ಯರ ಬಳಿಗೆ ಹೋಗುವಾಗ ಸೀಸೆಯನ್ನೇ ಒಯ್ಯಿರಿ. ಯಾವ ಜಾತಿಯ ಕಳೆ, ಒಂದು ಕ್ಯಾಪ್ಸೂಲಿನಲ್ಲಿ ಎಷ್ಟು ಅಯೋಡಿನ್, ಆರ್ಸೆನಿಕ್ ಪರೀಕ್ಷೆ ಆಗಿದೆಯೇ ಎಂಬ ಮೂರರಲ್ಲಿ ಒಂದೂ ಅದರ ಮೇಲೆ ಬರೆದಿರದಿದ್ದರೆ ಅಂಗಡಿಗೆ ಹಿಂದಿರುಗಿಸಿ.